ಕೊಲೊಂಬೆಯ ಪುಟ್ಟ ಸ್ಮಶಾನ ಮತ್ತು ಡಿ ಗಾಲ್ ಸಮಾಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸ್ ಪ್ರವಾಸಕ್ಕೆ ಹೊರಟವರು, ಇತಿಹಾಸ ಓದುವವರು, ಮಕ್ಕಳಿಗೆ ಎರಡನೇ ಮಹಾಯುದ್ಧದ ಪಾಠ ಹೇಳುವ ಮೇಷ್ಟ್ರುಗಳು ಈ ಸ್ಮಶಾನದ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಓದಬೇಕಾಗುತ್ತದೆ.

ಯಾವ ಸ್ಮಶಾನ ಇದು? ಎಲ್ಲಿದೆ?

ಫ್ರಾನ್ಸಿನ ಪೂರ್ವ ಭಾಗದಲ್ಲಿ ಓತ್-ಮಾರ್ನ್ ಎಂಬ ಜಿಲ್ಲೆಯಿದೆ. ಅಲ್ಲಿ ಕೊಲೊಂಬೆ-ಲೆ-ಡ್ಯೂ-ಎಗ್ಲೀಸ್ ಎಂಬ ಹಳ್ಳಿ. ಅಕ್ಕಪಕ್ಕದ ಊರುಗಳನ್ನು ಸೇರಿಸಿ ಎಣಿಸಿದರೂ ಸಾವಿರ ಜನ ಆಗುವುದಿಲ್ಲ. ಸುತ್ತ ಹೊಲ, ಕಾಡು, ಏರಿಳಿಯುವ ಬಯಲು. ಊರ ನಡುವೆ ಕ್ಯಾಥೊಲಿಕ್ ಚರ್ಚು, ಚರ್ಚಿನ ಗೋಡೆಗೆ ತಾಗಿದಂತೆ ಸ್ಮಶಾನ. ಹಳ್ಳಿಯ ರೈತರು, ಕುಶಲಕರ್ಮಿಗಳು, ಅವರ ಅಜ್ಜ ಮುತ್ತಜ್ಜಂದಿರು ಮಲಗಿರುವ ಆ ಜಾಗದಲ್ಲೇ ಫ್ರಾನ್ಸಿನ ಅಧ್ಯಕ್ಷರಾಗಿದ್ದ ಜನರಲ್ ಚಾರ್ಲ್ಸ್ ಡಿ ಗಾಲ್ ಅವರ ಸಮಾಧಿಯೂ ಇದೆ.

ಡಿ ಗಾಲ್ ಬಗ್ಗೆ ನಮಗೆ ಹೆಚ್ಚು ಗೊತ್ತಿಲ್ಲ. ಚುಟುಕಾಗಿ ಹೇಳಬಹುದೇ?

1890ರ ನವೆಂಬರ್ 22ರಂದು ಲೀಲ್ ನಗರದಲ್ಲಿ ಹುಟ್ಟಿದವರು. ವೃತ್ತಿಯಿಂದ ಸೈನಿಕ. 1940ರಲ್ಲಿ ಜರ್ಮನಿಯ ಮುಂದೆ ಫ್ರಾನ್ಸ್ ಮಂಡಿಯೂರಿದಾಗ ಲಂಡನ್ನಿಗೆ ಹೋದರು. ಜೂನ್ 18ರಂದು ಬಿಬಿಸಿ ರೇಡಿಯೊದಲ್ಲಿ ಮಾತಾಡಿ, ಯುದ್ಧ ಮುಗಿದಿಲ್ಲ, ಹೋರಾಟ ನಿಲ್ಲಬಾರದು ಎಂದು ಕರೆ ಕೊಟ್ಟರು. ಆಗ ಅವರ ಬೆನ್ನಿಗೆ ಸೈನ್ಯವೂ ಇರಲಿಲ್ಲ, ಸರ್ಕಾರವೂ ಇರಲಿಲ್ಲ. 1944ರಲ್ಲಿ ಬಿಡುಗಡೆಯಾದ ಫ್ರಾನ್ಸಿನ ಮಧ್ಯಂತರ ಸರ್ಕಾರವನ್ನು ನಡೆಸಿ, 1946ರ ಜನವರಿಯಲ್ಲಿ ತಾವಾಗಿಯೇ ಬಿಟ್ಟು ಹೊರಬಂದರು. ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಬಿಕ್ಕಟ್ಟು ದೇಶವನ್ನು ಅಂತರ್ಯುದ್ಧದ ಅಂಚಿಗೆ ತಂದಾಗ 1958ರಲ್ಲಿ ಮತ್ತೆ ಅಧಿಕಾರಕ್ಕೆ ಬಂದರು. ಹೊಸ ಸಂವಿಧಾನ ತಂದು, 1959ರಿಂದ 1969ರವರೆಗೆ ಅಧ್ಯಕ್ಷರಾಗಿದ್ದರು. ಜನಮತಗಣನೆಯಲ್ಲಿ ಸೋತ ಮರುದಿನ, 1969ರ ಏಪ್ರಿಲ್ 28ರಂದು, ರಾಜೀನಾಮೆ ಕೊಟ್ಟು ಕೊಲೊಂಬೆಯ ಮನೆ ಸೇರಿದರು. ಅಲ್ಲಿಂದ ಒಂದೂವರೆ ವರ್ಷ ಬದುಕಿದ್ದರು.

ಇಂಥ ನಾಯಕನನ್ನು ಪ್ಯಾರಿಸಿನಲ್ಲಿ ಯಾಕೆ ಹೂಳಲಿಲ್ಲ?

ಇದು ಎಲ್ಲರೂ ಕೇಳುವ ಪ್ರಶ್ನೆ. ಪ್ಯಾರಿಸಿನಲ್ಲಿ ಪಾಂಥಿಯಾನ್ ಇದೆ, ದೇಶ ತನ್ನ ದೊಡ್ಡವರನ್ನು ಇರಿಸುವ ಕಟ್ಟಡ. ನೆಪೋಲಿಯನ್ ಮಲಗಿರುವ ಇನ್ವಾಲಿಡ್ ಇದೆ. ಎರಡರಲ್ಲಿ ಯಾವುದು ಕೇಳಿದ್ದರೂ ಡಿ ಗಾಲ್‌ಗೆ ಜಾಗ ಸಿಗುತ್ತಿತ್ತು, ಕೇಳದಿದ್ದರೂ ಸಿಗುತ್ತಿತ್ತು. ಹಾಗಾಗದಂತೆ ಅವರೇ ಹದಿನೆಂಟು ವರ್ಷ ಮೊದಲೇ ಕಟ್ಟು ಮಾಡಿಟ್ಟಿದ್ದರು.

1952ರ ಜನವರಿ 16ರಂದು ಅವರು ತಮ್ಮ ಕೊನೆಯ ಇಚ್ಛೆಯನ್ನು ಕೈಬರಹದಲ್ಲಿ ಬರೆದರು. ಆಗ ಅವರು ಅಧಿಕಾರದಲ್ಲಿರಲಿಲ್ಲ, ಮತ್ತೆ ಬರುತ್ತಾರೆಂಬ ಖಾತ್ರಿಯೂ ಇರಲಿಲ್ಲ. ಮೂರು ಪ್ರತಿ ಮಾಡಿ ಒಂದನ್ನು ಮಗ ಫಿಲಿಪ್‌ಗೆ, ಒಂದನ್ನು ಮಗಳು ಎಲಿಜಬೆತ್‌ಗೆ, ಇನ್ನೊಂದನ್ನು ತಮ್ಮ ಆಪ್ತರಾಗಿದ್ದ ಜಾರ್ಜ್ ಪಾಂಪಿಡು ಅವರಿಗೆ ಕೊಟ್ಟರು. ಮುಂದೆ ಅಧ್ಯಕ್ಷರಾದ ಮೇಲೂ ಅದರ ಒಂದು ಅಕ್ಷರ ಬದಲಿಸಲಿಲ್ಲ. ಅವರು ತೀರಿಕೊಂಡಾಗ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಅದೇ ಪಾಂಪಿಡು. ಉಯಿಲನ್ನು ದೇಶದ ಮುಂದಿಟ್ಟವರೂ ಅವರೇ.

ಆ ಉಯಿಲಿನಲ್ಲಿ ಏನೇನಿದೆ?

ಬೇಡಗಳ ಪಟ್ಟಿಯೇ ದೊಡ್ಡದು. ರಾಷ್ಟ್ರೀಯ ಅಂತ್ಯಕ್ರಿಯೆ ಬೇಡ. ಅಧ್ಯಕ್ಷರು ಬೇಡ, ಮಂತ್ರಿಗಳು ಬೇಡ, ಸಂಸತ್ತಿನ ಪದಾಧಿಕಾರಿಗಳು ಬೇಡ. ಸೇನೆ ಬರಬಹುದು, ಆದರೆ ತೀರಾ ಸಣ್ಣ ಪ್ರಮಾಣದಲ್ಲಿ; ಬ್ಯಾಂಡು, ಕಹಳೆ ಕೂಡದು. ಚರ್ಚಿನಲ್ಲಾಗಲಿ ಹೊರಗಾಗಲಿ ಭಾಷಣ ಕೂಡದು. ಸಂಸತ್ತಿನಲ್ಲಿ ಗುಣಗಾನ ಬೇಡ. ಚರ್ಚಿನಲ್ಲಿ ಕಾದಿರಿಸಿದ ಜಾಗ ಮೂರೇ ಗುಂಪಿಗೆ: ಮನೆಯವರಿಗೆ, ಯುದ್ಧಕಾಲದಲ್ಲಿ ಜೊತೆಗಿದ್ದ ವಿಮೋಚನಾ ಪದಕದ ಒಡನಾಡಿಗಳಿಗೆ, ಮತ್ತು ಕೊಲೊಂಬೆಯ ಗ್ರಾಮಸಭೆಯ ಸದಸ್ಯರಿಗೆ. ದೇಶ ವಿದೇಶದ ಜನ ಬಯಸಿದರೆ ಕೊನೆಯ ಮನೆವರೆಗೆ ಜೊತೆಗೆ ನಡೆಯಬಹುದು, ಆದರೆ ಮೌನವಾಗಿ. ಪದಕ, ಬಡ್ತಿ, ಬಿರುದು ಯಾವುದನ್ನೂ ಸತ್ತ ಮೇಲೆ ಕೊಡಬಾರದು. ಕೊಟ್ಟರೆ ಅದು ತಮ್ಮ ಕೊನೆಯ ಇಚ್ಛೆಯನ್ನು ಮೀರಿದಂತೆ.

ಇಷ್ಟು ಬೇಡಗಳ ನಡುವೆ ಬೇಕು ಅಂದದ್ದು ಒಂದನ್ನೇ. ನನ್ನ ಸಮಾಧಿ ಅಂದರೆ ನನ್ನ ಮಗಳು ಆನ್ ಈಗಾಗಲೇ ಮಲಗಿರುವ, ಮುಂದೊಂದು ದಿನ ನನ್ನ ಹೆಂಡತಿ ಬಂದು ಮಲಗುವ ಸಮಾಧಿ, ಎಂದು ಬರೆದರು. ಮೇಲೆ ಹೆಸರು, ಹುಟ್ಟಿದ ಮತ್ತು ಸತ್ತ ವರ್ಷ. "ಬೇರೇನೂ ಬೇಡ."

ಜನ ಈ ಉಯಿಲನ್ನು ಸರಳತೆಗೆ ಉದಾಹರಣೆಯಾಗಿ ಹೇಳುತ್ತಾರೆ. ಸರಳತೆ ಇದೆ, ನಿಜ. ಆದರೆ ನನಗೆ ಅದರ ಜೀವಾಳ ಮಗಳ ಹೆಸರು ಬರುವ ಆ ಸಾಲಿನಲ್ಲೇ ಕಾಣುತ್ತದೆ. ಉಳಿದ ಷರತ್ತುಗಳೆಲ್ಲ ಆ ಸಾಲನ್ನು ಕಾಯಲು ನಿಂತ ಬೇಲಿ. ಪಾಂಥಿಯಾನ್‌ಗೆ ಹೋದರೆ ಒಬ್ಬರೇ ಹೋಗಬೇಕಿತ್ತು.

ಆನ್ ಯಾರು?

ಡಿ ಗಾಲ್ ದಂಪತಿಯ ಕಿರಿಯ ಮಗಳು. 1928ರ ಜನವರಿ 1ರಂದು ಜರ್ಮನಿಯ ಟ್ರಿಯರ್ ನಗರದಲ್ಲಿ ಹುಟ್ಟಿದಳು. ತಂದೆ ಆಗ ಅಲ್ಲಿ ಒಂದು ಬೆಟಾಲಿಯನ್ನಿನ ದಂಡನಾಯಕ. ಮಗುವಿಗೆ ಡೌನ್ ಸಿಂಡ್ರೋಮ್ ಇತ್ತು, ಹುಟ್ಟಿನಿಂದಲೇ ಬರುವ, ಬುದ್ಧಿಯ ಬೆಳವಣಿಗೆ ನಿಧಾನವಾಗುವ ಸ್ಥಿತಿ.

ಆ ಕಾಲದ ಯುರೋಪಿನಲ್ಲಿ, ಅದರಲ್ಲೂ ಅಂತಸ್ತಿನ ಮನೆಗಳಲ್ಲಿ, ಇಂಥ ಮಕ್ಕಳನ್ನು ಯಾವುದಾದರೂ ಆಶ್ರಮಕ್ಕೆ ಸೇರಿಸಿ ಹೆಸರೆತ್ತದೆ ಇರುವುದು ರೂಢಿ. ಡಿ ಗಾಲ್ ಮತ್ತು ಅವರ ಹೆಂಡತಿ ಇವೊನ್ ಹಾಗೆ ಮಾಡಲಿಲ್ಲ. ಲೆಬನಾನಿಗೆ ವರ್ಗವಾದಾಗ ಅವಳನ್ನೂ ಕರೆದೊಯ್ದರು. 1940ರ ಜೂನ್‌ನಲ್ಲಿ ಇವೊನ್ ಮಕ್ಕಳನ್ನು ಕಟ್ಟಿಕೊಂಡು ಬ್ರೆಸ್ಟ್ ಬಂದರಿನಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಪಾರಾದಾಗಲೂ ಆನ್ ಜೊತೆಗಿದ್ದಳು. ನಾಜಿಗಳು ಅಂಗವಿಕಲರನ್ನು ಕೊಲ್ಲುತ್ತಿದ್ದರೆಂದು ಗೊತ್ತಿರುವ ನಮಗೆ ಆ ಪಯಣದ ತೂಕ ಗೊತ್ತಾಗುತ್ತದೆ.

ಡಿ ಗಾಲ್ ಬಿಗಿ ಮನುಷ್ಯ. ಎತ್ತರದ ಆಳು, ಮಾತು ಕಡಿಮೆ, ಹತ್ತಿರದವರೊಡನೆಯೂ ಅಂತರ. ಅಂಥವರು ಈ ಮಗಳ ಮುಂದೆ ಹಾಡುತ್ತಿದ್ದರು, ಕುಣಿಯುತ್ತಿದ್ದರು, ತಮ್ಮ ಮಿಲಿಟರಿ ಟೋಪಿಯನ್ನು ಆಟಕ್ಕೆ ಕೊಡುತ್ತಿದ್ದರು. ಅವಳು ಸ್ಪಷ್ಟವಾಗಿ ಹೇಳುತ್ತಿದ್ದ ಮಾತು "ಪಾಪಾ" ಒಂದೇ ಎಂದು ಮನೆಯ ಬಲ್ಲವರು ಹೇಳಿದ್ದಾರೆ. ನಮ್ಮ ನಂತರ ಇವಳನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ, ಇಂಥ ಮಕ್ಕಳಿರುವ ಪ್ರತಿ ಅಪ್ಪ ಅಮ್ಮನನ್ನು ಕಾಡುವ ಚಿಂತೆ, ಇವರನ್ನೂ ಕಾಡಿತು. 1945ರಲ್ಲಿ ಅವಳ ಹೆಸರಿನಲ್ಲೇ ಪ್ರತಿಷ್ಠಾನ ಕಟ್ಟಿ, ಪ್ಯಾರಿಸ್ ಹತ್ತಿರದ ಮಿಲೊಂ-ಲಾ-ಶಾಪೆಲ್‌ನಲ್ಲಿ ಒಂದು ದೊಡ್ಡ ಮನೆ ಕೊಂಡು, ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ಆಸರೆ ಮಾಡಿದರು. ತಮ್ಮ ಯುದ್ಧಸ್ಮರಣೆಗಳಿಂದ ಬಂದ ಹಣವನ್ನು ಅದಕ್ಕೆ ಹಾಕಿದರು.

ಆನ್ 1948ರ ಫೆಬ್ರವರಿ 6ರಂದು ನ್ಯುಮೋನಿಯಾದಿಂದ ಕೊಲೊಂಬೆಯ ಮನೆಯಲ್ಲಿ ತೀರಿಕೊಂಡಳು. ಇಪ್ಪತ್ತು ವರ್ಷ. ಮಣ್ಣು ಮಾಡಿದ ಮೇಲೆ ಹೆಂಡತಿಗೆ ಡಿ ಗಾಲ್ "ಈಗ ಅವಳೂ ಎಲ್ಲರ ಹಾಗೆ" ಅಂದರಂತೆ. ಫ್ರಾನ್ಸಿನಲ್ಲಿ ಬಹಳ ಜನಕ್ಕೆ ಗೊತ್ತಿರುವ ಮಾತು ಇದು. ಮಗಳನ್ನು ಕಳೆದುಕೊಂಡ ಅಪ್ಪ ಹೀಗನ್ನಬಹುದೇ ಎಂದು ಕೆಲವರು ಬೇಸರಪಡುತ್ತಾರೆ. ಇಪ್ಪತ್ತು ವರ್ಷ ಬೇರೆಯವರ ನೋಟದಿಂದ ಅವಳನ್ನು ಕಾಪಾಡಿದ ಮನುಷ್ಯನ ಮಾತು ಎಂದು ಓದಿದರೆ ಬೇಸರ ಬರುವುದಿಲ್ಲ.

ಕೊಲೊಂಬೆಗೂ ಅವರಿಗೂ ಏನು ನಂಟು? ಅದು ಹುಟ್ಟೂರೇ?

ಅಲ್ಲ. 1934ರಲ್ಲಿ ಲಾ ಬ್ವಾಸ್ಸೆರಿ ಎಂಬ ಮನೆ ಕೊಂಡು ಅಲ್ಲಿಗೆ ಬಂದವರು. ಎರಡು ಕಾರಣ. ಪ್ಯಾರಿಸ್ಸಿಗೂ ಪೂರ್ವ ಗಡಿಯ ಸೇನಾ ನೆಲೆಗಳಿಗೂ ನಡುದಾರಿಯಲ್ಲಿತ್ತು, ಸೈನಿಕನಿಗೆ ಅನುಕೂಲ. ಇನ್ನೊಂದು, ಆನ್‌ಗೆ ಗದ್ದಲವಿಲ್ಲದ, ಯಾರೂ ಬಂದು ಇಣುಕದ ತೋಟದ ಮನೆ ಬೇಕಿತ್ತು. ಕೊಂಡದ್ದು ಕಂತಿನ ಲೆಕ್ಕದಲ್ಲಿ: ಸ್ವಲ್ಪ ಹಣ ಮುಂಗಡ, ಉಳಿದದ್ದು ಮಾರಿದ ಮುದುಕಿ ಬದುಕಿರುವವರೆಗೆ ವರ್ಷಾಶನ. ಮಧ್ಯಮ ವರ್ಗದ ಫ್ರೆಂಚರು ಆಗ ಮನೆ ಮಾಡಿಕೊಳ್ಳುತ್ತಿದ್ದದ್ದು ಹೀಗೆಯೇ.

ಯುದ್ಧದ ಕಾಲದಲ್ಲಿ ಜರ್ಮನ್ನರು ಮನೆಯನ್ನು ಲೂಟಿ ಮಾಡಿ ಹಾಳುಗೆಡವಿದರು. 1946ರಲ್ಲಿ ದುರಸ್ತಿ ಮಾಡಿಸಿ ಕುಟುಂಬ ಮರಳಿತು. ಅಧ್ಯಕ್ಷರಾದ ಮೇಲೂ ವಾರಾಂತ್ಯಕ್ಕೆ ಅಲ್ಲಿಗೇ ಹೋಗುತ್ತಿದ್ದರು, ಭಾನುವಾರದ ಪೂಜೆಗೆ ಊರ ಚರ್ಚಿನಲ್ಲಿ ಊರವರ ಜೊತೆ ಕೂರುತ್ತಿದ್ದರು. ಮನೆಗೆ ಹೋಗುವ ಆ ದಾರಿಯೇ ಅಪಾಯದ್ದಾಗಿತ್ತು: 1961ರ ಸೆಪ್ಟೆಂಬರ್‌ನಲ್ಲಿ ಪೊಂ-ಸ್ಯೂರ್-ಸೇನ್ ಬಳಿ ರಸ್ತೆಬದಿ ಬಾಂಬ್, 1962ರ ಆಗಸ್ಟ್ 22ರಂದು ಪೆತಿ-ಕ್ಲಾಮಾರ್‌ನಲ್ಲಿ ಕಾರಿನ ಮೇಲೆ ಗುಂಡಿನ ಸುರಿಮಳೆ. ಎರಡೂ ಸಲ ಹೊರಟಿದ್ದು ಕೊಲೊಂಬೆಗೆ. ಎರಡೂ ಸಲ ಗಂಡ ಹೆಂಡತಿ ಬದುಕುಳಿದರು, ಕೊಲೊಂಬೆಗೆ ಹೋಗುವುದನ್ನೂ ಬಿಡಲಿಲ್ಲ.

ಆ ಮನೆಗೆ ವಿದೇಶಿ ನಾಯಕರನ್ನು ಕರೆಯುತ್ತಿರಲಿಲ್ಲ. ಕರೆದದ್ದು ಒಬ್ಬರನ್ನೇ, 1958ರ ಸೆಪ್ಟೆಂಬರ್ 14ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಅಡೆನೌವರ್ ಅವರನ್ನು. ರಾತ್ರಿ ಅಲ್ಲೇ ಉಳಿಸಿಕೊಂಡರು. ಮೂರು ಯುದ್ಧ ಕಾದ ಎರಡು ದೇಶಗಳ ರಾಜಿ ಶುರುವಾದದ್ದು ಈ ಮನೆಯ ಊಟದ ಮೇಜಿನಿಂದ ಎಂದರೆ ತಪ್ಪಿಲ್ಲ. ಅಡೆನೌವರ್ ಕೂಡ ಕ್ಯಾಥೊಲಿಕ್ಕರೇ. 1967ರಲ್ಲಿ ತೀರಿಕೊಂಡಾಗ ಅವರನ್ನೂ ತಮ್ಮ ಊರು ರೋಯ್ನ್‌ಡಾರ್ಫ್‌ನ ಕಾಡಂಚಿನ ಸಣ್ಣ ಸ್ಮಶಾನದಲ್ಲೇ ಮಣ್ಣು ಮಾಡಿದರು.

ಇದನ್ನು ಕ್ಯಾಥೊಲಿಕ್ ಸ್ಮಶಾನ ಅನ್ನಬೇಕೋ, ಪಂಚಾಯಿತಿ ಸ್ಮಶಾನ ಅನ್ನಬೇಕೋ?

ಎರಡೂ ಸರಿ. ನಮ್ಮಲ್ಲಿ ಕ್ರೈಸ್ತರ ಸ್ಮಶಾನ ಸಾಮಾನ್ಯವಾಗಿ ಚರ್ಚಿನ ಅಥವಾ ಅದರ ಸಮಿತಿಯ ಕೈಯಲ್ಲಿರುತ್ತದೆ. ಫ್ರಾನ್ಸಿನಲ್ಲಿ ಬೇರೆ. ಅಲ್ಲಿ ಸ್ಮಶಾನ ನೋಡಿಕೊಳ್ಳುವುದು ಸ್ಥಳೀಯ ಆಡಳಿತದ ಹೊಣೆ. 1881ರ ಕಾನೂನು ಒಂದೊಂದು ಪಂಥಕ್ಕೆ ಒಂದೊಂದು ಪಾಲು ಎಂದು ಸ್ಮಶಾನದೊಳಗೆ ಗೋಡೆ ಹಾಕುವುದನ್ನು ತೆಗೆದುಹಾಕಿತು. 1905ರಲ್ಲಿ ರಾಜ್ಯ ಮತ್ತು ಚರ್ಚು ಬೇರೆಯಾದಾಗ ಸಾರ್ವಜನಿಕ ಜಾಗದಲ್ಲಿ ಹೊಸ ಧಾರ್ಮಿಕ ಚಿಹ್ನೆ ನಿಲ್ಲಿಸಬಾರದೆಂದು ಕಾನೂನಾಯಿತು, ಆದರೆ ಸಮಾಧಿಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಜಾಗ ಊರಿನದು, ಶಿಲುಬೆ ಆಯಾ ಮನೆಯವರದು. ಕೊಲೊಂಬೆಯಂಥ ಹಳ್ಳಿಯಲ್ಲಿ ತಲೆತಲಾಂತರದಿಂದ ಎಲ್ಲರೂ ಕ್ಯಾಥೊಲಿಕ್ಕರಾದ್ದರಿಂದ, ಚರ್ಚಿಗೆ ಒತ್ತಿಕೊಂಡಿರುವ ಈ ಸ್ಮಶಾನ ನೋಡಲು, ನಡೆದುಕೊಳ್ಳಲು ಕ್ಯಾಥೊಲಿಕ್ ಸ್ಮಶಾನವೇ.

ಡಿ ಗಾಲ್ ತೀರಿಕೊಂಡದ್ದು ಹೇಗೆ?

1970ರ ನವೆಂಬರ್ 9, ಸೋಮವಾರ. ಎಂಬತ್ತು ತುಂಬಲು ಇನ್ನೆರಡು ವಾರವೂ ಇರಲಿಲ್ಲ. ಸಂಜೆ ಏಳರ ಹೊತ್ತಿಗೆ ಟಿವಿ ವಾರ್ತೆಗೆ ಕಾಯುತ್ತಾ ಮನೆಯ ಗ್ರಂಥಾಲಯದಲ್ಲಿ ಒಬ್ಬರೇ ಇಸ್ಪೀಟಿನ ಎಲೆ ಜೋಡಿಸುತ್ತಿದ್ದರು. ಬೆನ್ನಲ್ಲಿ ನೋವು ಎಂದು ಕೂಗಿ ಕುಸಿದರು. ಮಹಾಪಧಮನಿ ಒಡೆದಿತ್ತು. ಡಾಕ್ಟರೂ ಊರ ಪಾದ್ರಿಗಳೂ ಬಂದರು. ಪಾದ್ರಿಗಳು ಅಂತಿಮ ಅಭ್ಯಂಗ, ಅಂದರೆ ಸಾಯುವವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಕ್ಯಾಥೊಲಿಕ್ ವಿಧಿ, ಕೊಟ್ಟರು. ಇವೊನ್ ಆ ರಾತ್ರಿ ಸುದ್ದಿಯನ್ನು ಮನೆಯವರ ನಡುವೆಯೇ ಇಟ್ಟುಕೊಂಡರು. ದೇಶಕ್ಕೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. "ಜನರಲ್ ಡಿ ಗಾಲ್ ಇನ್ನಿಲ್ಲ. ಫ್ರಾನ್ಸ್ ವಿಧವೆಯಾಗಿದೆ" ಎಂದು ಪಾಂಪಿಡು ಟಿವಿಯಲ್ಲಿ ಹೇಳಿದರು.

ಅಂತ್ಯಕ್ರಿಯೆ ಉಯಿಲಿನಂತೆಯೇ ನಡೆಯಿತೇ?

ಕೊಲೊಂಬೆಯಲ್ಲಿ ಹೆಚ್ಚುಕಡಿಮೆ ಅಕ್ಷರಶಃ ನಡೆಯಿತು. ಪೆಟ್ಟಿಗೆ ಓಕ್ ಮರದ್ದು, ಮಾಡಿದ್ದು ಊರ ಬಡಗಿ. ನವೆಂಬರ್ 12ರ ಮಧ್ಯಾಹ್ನ ಅದಕ್ಕೆ ತ್ರಿವರ್ಣ ಧ್ವಜ ಹೊದಿಸಿ, ಫಿರಂಗಿ ಗೋಪುರ ತೆಗೆದ ಒಂದು ಶಸ್ತ್ರಸಜ್ಜಿತ ವಾಹನದ ಮೇಲಿಟ್ಟು ಮನೆಯಿಂದ ಚರ್ಚಿಗೆ ತಂದರು. ಡಿ ಗಾಲ್ ಟ್ಯಾಂಕ್ ಪಡೆಯ ಸೇನಾನಿ. ಸೇನೆಯ ಪಾಲು ಚಿಕ್ಕದಾಗಿಯೇ ಇತ್ತು. ಅಲ್ಲಿಂದ ಹೆಗಲು ಕೊಟ್ಟವರು ಊರಿನ ಹನ್ನೆರಡು ಮಂದಿ ಹುಡುಗರು. ಕ್ಯಾಮೆರಾಗಳು ಹಿಡಿದ ಚಿತ್ರಗಳಲ್ಲಿ ಅವರ ಮುಖ ನೋಡಬೇಕು. ಕೋಟು ಹಾಕಿಕೊಂಡ ರೈತರ ಮಕ್ಕಳು, ಇಡೀ ಜಗತ್ತು ತಮ್ಮನ್ನು ನೋಡುತ್ತಿದೆಯೆಂಬ ಅರಿವು, ಭಾರಕ್ಕೆ ಬಿಗಿದ ದವಡೆ.

ಚರ್ಚಿನೊಳಗೆ ಉಯಿಲು ಹೇಳಿದ ಮೂರು ಗುಂಪು. ವಿಮೋಚನೆಯ ಒಡನಾಡಿಗಳು ಪ್ಯಾರಿಸಿನಿಂದ ರೈಲಿನಲ್ಲಿ ಬಂದಿಳಿದರು. ಪೂಜೆಯಲ್ಲಿ ಭಾಷಣವಿರಲಿಲ್ಲ. ಹೊರಗೆ ಹೊಲಗದ್ದೆಗಳ ದಾರಿಯಲ್ಲಿ ಸುಮಾರು ನಲವತ್ತು ಸಾವಿರ ಜನ. ಕೆಲವು ನೂರು ಜನರ ಊರಿಗೆ ಅದೊಂದು ಸಮುದ್ರ. ಪೂಜೆ ಮುಗಿದ ಮೇಲೆ ಮಗಳ ಪಕ್ಕದಲ್ಲಿ ಇಳಿಸಿದರು. ಆಮೇಲೆ ಜನ ಸಾಲಾಗಿ ಬಂದು ಹೋದದ್ದು ಕತ್ತಲಾದ ಮೇಲೂ ನಿಲ್ಲಲಿಲ್ಲ.

ಪಾಂಪಿಡು ಅಂತ್ಯಕ್ರಿಯೆಯ ದಿನ ಕೊಲೊಂಬೆಗೆ ಬರಲಿಲ್ಲ. ಅದಕ್ಕೆ ಮೊದಲೇ ಮನೆಗೆ ಬಂದು ಗೌರವ ಸಲ್ಲಿಸಿ ಹೋಗಿದ್ದರು. ಅಧ್ಯಕ್ಷರು ಬೇಡ ಎಂದು ಬರೆದದ್ದು ಅವರಿಗೂ ಸೇರಿತ್ತು.

ಹಾಗಾದರೆ ಜಗತ್ತಿನ ನಾಯಕರೆಲ್ಲ ಬಂದಿದ್ದರು ಅನ್ನುತ್ತಾರಲ್ಲ?

ಬಂದದ್ದು ಪ್ಯಾರಿಸಿಗೆ. ಅದೇ ದಿನ ಬೆಳಿಗ್ಗೆ ನೋತ್ರ್ ದಾಮ್ ಮಹಾಮಂದಿರದಲ್ಲಿ ಇನ್ನೊಂದು ಪೂಜೆ ನಡೆಯಿತು. ಅಮೆರಿಕದ ನಿಕ್ಸನ್, ಸೋವಿಯತ್ ಒಕ್ಕೂಟದ ಪೊದ್ಗೋರ್ನಿ, ಇಥಿಯೋಪಿಯಾದ ಹೈಲೆ ಸೆಲಾಸಿ, ಇರಾನಿನ ಶಾ, ಬ್ರಿಟನ್ನಿನ ರಾಜಕುಮಾರ ಚಾರ್ಲ್ಸ್, ಇಸ್ರೇಲಿನ ಬೆನ್ ಗುರಿಯನ್, ಹೀಗೆ ಹತ್ತಾರು ದೇಶಗಳ ದೊಡ್ಡವರು ಬಂದು ಕೂತರು. ಶವಪೆಟ್ಟಿಗೆ ಮಾತ್ರ ಇರಲಿಲ್ಲ. ಸಂಜೆ ಮಳೆಯಲ್ಲಿ ಲಕ್ಷಾಂತರ ಪ್ಯಾರಿಸ್ ಜನ ಶಾಂಜೆಲಿಜೆ ರಸ್ತೆಯಲ್ಲಿ ವಿಜಯ ಕಮಾನಿನವರೆಗೆ ನಡೆದುಹೋದರು.

ರಾಜ್ಯಕ್ಕೆ ತನ್ನ ಶೋಕ ತೋರಿಸಿಕೊಳ್ಳಬೇಕಿತ್ತು, ಸತ್ತವರ ಮಾತನ್ನೂ ಮೀರುವಂತಿರಲಿಲ್ಲ. ಎರಡು ಪೂಜೆ ಇಟ್ಟು ಎರಡನ್ನೂ ಉಳಿಸಿಕೊಂಡದ್ದು ಜಾಣತನದ ದಾರಿ ಎಂದೇ ನನ್ನ ಅಭಿಪ್ರಾಯ. ಕೆಲವೇ ದಿನಗಳಲ್ಲಿ ವಿಜಯ ಕಮಾನು ಇರುವ ವೃತ್ತಕ್ಕೆ ಡಿ ಗಾಲ್ ಹೆಸರಿಟ್ಟರು, ಮುಂದೆ ವಿಮಾನ ನಿಲ್ದಾಣಕ್ಕೂ ಇಟ್ಟರು. ಉಯಿಲಿನಲ್ಲಿ ಅದಕ್ಕೆ ತಡೆ ಇರಲಿಲ್ಲ.

ಸಮಾಧಿ ನೋಡಲು ಹೇಗಿದೆ?

ಬಿಳಿಗಲ್ಲಿನ ಚಪ್ಪಡಿ, ತಲೆಯ ಕಡೆ ಸುಮಾರು ಒಂದೂವರೆ ಮೀಟರ್ ಎತ್ತರದ ಸಾದಾ ಕಲ್ಲಿನ ಶಿಲುಬೆ. ಚಾರ್ಲ್ಸ್ ಡಿ ಗಾಲ್, 1890–1970. ಇವೊನ್ ಡಿ ಗಾಲ್, 1900–1979. ಆನ್ ಡಿ ಗಾಲ್, 1928–1948. ಜನರಲ್ ಎಂದಿಲ್ಲ, ಅಧ್ಯಕ್ಷ ಎಂದಿಲ್ಲ. ಮೂರು ಹೆಸರು ಓದಿ ವರ್ಷಗಳನ್ನು ಹೋಲಿಸಿದರೆ ಮೊದಲು ಬಂದವರು ಯಾರು, ಆಮೇಲೆ ಬಂದು ಸೇರಿದವರು ಯಾರು ಎಂಬುದು ತಾನಾಗಿ ತಿಳಿಯುತ್ತದೆ. ಸುತ್ತಲಿನ ಗೋರಿಗಳಿಗಿಂತ ಇದು ದೊಡ್ಡದೂ ಅಲ್ಲ, ಬೇರೆ ಥರವೂ ಅಲ್ಲ. ಭೇಟಿ ಕೊಟ್ಟವರು, ಮಾಜಿ ಸೈನಿಕರ ಸಂಘಗಳು ಇಟ್ಟುಹೋದ ಹೂವು ಮತ್ತು ಫಲಕಗಳಿಂದಲೇ ಗುರುತು ಹಿಡಿಯಬೇಕು.

ಕುಟುಂಬದ ಬೇರೆಯವರೂ ಅಲ್ಲೇ ಇದ್ದಾರೆಯೇ?

ಹೌದು. ಇವೊನ್ 1979ರ ನವೆಂಬರ್ 8ರಂದು ಪ್ಯಾರಿಸಿನಲ್ಲಿ ತೀರಿಕೊಂಡರು, ಗಂಡನ ಒಂಬತ್ತನೇ ವರ್ಷಕ್ಕೆ ಒಂದು ದಿನ ಮೊದಲು. ಉಯಿಲಿನಲ್ಲಿ ಬರೆದಿದ್ದಂತೆ ಅದೇ ಸಮಾಧಿಗೆ ಸೇರಿದರು. ಗಂಡ ಹೋದ ಕೂಡಲೇ ಅವರ ಬಟ್ಟೆಬರೆಗಳನ್ನು ಇವೊನ್ ಸುಡಿಸಿದರಂತೆ, ಯಾರೂ ಅವನ್ನು ಪೂಜೆಯ ವಸ್ತು ಮಾಡಿಕೊಳ್ಳಬಾರದೆಂದು. ಮಗಳು ಎಲಿಜಬೆತ್ ಮತ್ತು ಅಳಿಯ ಜನರಲ್ ಬ್ವಾಸ್ಸಿಯೊ ಇದೇ ಸ್ಮಶಾನದಲ್ಲಿದ್ದಾರೆ. ಮಗ ಅಡ್ಮಿರಲ್ ಫಿಲಿಪ್ ಡಿ ಗಾಲ್ 102ನೇ ವಯಸ್ಸಿನಲ್ಲಿ, 2024ರ ಮಾರ್ಚ್ 13ರಂದು ತೀರಿಕೊಂಡರು. ಅವರಿಗೆ ಇನ್ವಾಲಿಡ್‌ನಲ್ಲಿ ರಾಷ್ಟ್ರಗೌರವ ಸಂದಿತು, ಮಣ್ಣಾದದ್ದು ಕೊಲೊಂಬೆಯಲ್ಲಿ.

2017ರಲ್ಲಿ ಸಮಾಧಿ ಒಡೆದರೆಂದು ಸುದ್ದಿ ಬಂದಿತ್ತು. ಏನಾಯಿತು?

ಮೇ 27ರ ಶನಿವಾರ ಒಬ್ಬ ಗಂಡಸು ಸಮಾಧಿಯ ಮೇಲೆ ಹತ್ತಿ ಶಿಲುಬೆಯನ್ನು ಒದ್ದು ಕೆಡವಿದ. ಶಿಲುಬೆ ಮುರಿಯಿತು. ಕಣ್ಗಾವಲು ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಯಿತು. ಪಕ್ಷಭೇದವಿಲ್ಲದೆ ರಾಜಕಾರಣಿಗಳು ಖಂಡಿಸಿದರು, ಶಿಲುಬೆಯನ್ನು ಸರಿಮಾಡಿದರು. ನನ್ನನ್ನು ಆಗ ಹೆಚ್ಚು ನೋಯಿಸಿದ್ದು, ಸುದ್ದಿಗಳಲ್ಲಿ ಬಹುಪಾಲು "ಡಿ ಗಾಲ್ ಸಮಾಧಿ" ಎಂದಷ್ಟೇ ಬಂದದ್ದು. ಅವನು ತುಳಿದದ್ದು ಆನ್‌ಳ ಗೋರಿಯನ್ನೂ ಹೌದು. ಅವಳು ಯಾವ ರಾಜಕೀಯಕ್ಕೂ ಸೇರಿದವಳಲ್ಲ.

ಗುಡ್ಡದ ಮೇಲೆ ಕಾಣುವ ಭಾರಿ ಶಿಲುಬೆ ಸಮಾಧಿಯೇ?

ಅಲ್ಲ. ಅದು ಎರಡು ಅಡ್ಡಪಟ್ಟಿಯ ಲೊರೇನ್ ಶಿಲುಬೆ, ಸ್ವತಂತ್ರ ಫ್ರಾನ್ಸ್ ಹೋರಾಟದ ಲಾಂಛನ. ಎತ್ತರ 44 ಮೀಟರಿಗೂ ಸ್ವಲ್ಪ ಹೆಚ್ಚು. ಜನರ ವಂತಿಗೆಯಿಂದ ಕಟ್ಟಿದ್ದು, ಹೊದಿಕೆ ಬ್ರಿಟನಿಯ ಗುಲಾಬಿ ಗ್ರಾನೈಟ್. 1972ರ ಜೂನ್ 18ರಂದು ಪಾಂಪಿಡು ಉದ್ಘಾಟಿಸಿದರು. ಇಂಥದ್ದೊಂದು ಇಲ್ಲಿ ಏಳುತ್ತದೆಂದು ಡಿ ಗಾಲ್ ಬದುಕಿದ್ದಾಗಲೇ ಊಹಿಸಿದ್ದರಂತೆ. ಮೊಲಗಳು ಬಿಟ್ಟರೆ ನೋಡುವವರು ಇರುವುದಿಲ್ಲ ಎಂದಿದ್ದರಂತೆ. ಗುಡ್ಡದ ಬುಡದಲ್ಲಿರುವ ಸ್ಮಾರಕ ವಸ್ತುಸಂಗ್ರಹಾಲಯವನ್ನು 2008ರ ಅಕ್ಟೋಬರ್ 11ರಂದು ಆಗಿನ ಅಧ್ಯಕ್ಷ ಸಾರ್ಕೋಜಿ ಮತ್ತು ಜರ್ಮನಿಯ ಚಾನ್ಸಲರ್ ಮರ್ಕೆಲ್ ಸೇರಿ ತೆರೆದರು. ಹಲವರು ಬಸ್ಸಿನಲ್ಲಿ ಬಂದು ಇದನ್ನೇ ನೋಡಿ ವಾಪಸು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಸ್ಮಶಾನ ಊರೊಳಗೇ ಇದೆ, ನಡೆದೇ ಹೋಗಬಹುದು.

ರಾಜಕಾರಣಿಗಳು ಈಗಲೂ ಬರುತ್ತಾರೆಯೇ?

ಪ್ರತಿ ನವೆಂಬರ್ 9ಕ್ಕೆ ತಪ್ಪದೆ. ಐವತ್ತನೇ ವರ್ಷಕ್ಕೆ, 2020ರಲ್ಲಿ, ಅಧ್ಯಕ್ಷ ಮಾಕ್ರೋನ್ ಬಂದಿದ್ದರು. ಚುನಾವಣೆ ಹತ್ತಿರವಾದಾಗ ಹೂಗುಚ್ಛ ಹಿಡಿದವರ ಸಂಖ್ಯೆ ಏರುತ್ತದೆ. ಒಂದು ಕಾಲದಲ್ಲಿ ಡಿ ಗಾಲ್‌ರನ್ನು ಕಟುವಾಗಿ ವಿರೋಧಿಸಿದ ಪಕ್ಷಗಳವರೂ ಈಗ ಅವರ ವಾರಸುದಾರಿಕೆ ಹೇಳುತ್ತಾರೆ.

ಭಾರತಕ್ಕೂ ಡಿ ಗಾಲ್‌ಗೂ ಏನಾದರೂ ಸಂಬಂಧವಿತ್ತೇ?

ಇತ್ತು, ಪುದುಚೇರಿಯ ಮೂಲಕ. 1940ರ ಸೆಪ್ಟೆಂಬರ್‌ನಲ್ಲೇ ಅಲ್ಲಿನ ಫ್ರೆಂಚ್ ಗವರ್ನರ್ ಲೂಯಿ ಬೊನ್ವಾಂ ಡಿ ಗಾಲ್ ಪಕ್ಷ ಸೇರಿದರು. ಲಂಡನ್ನಿನಲ್ಲಿ ಕೂತ ಆ ಒಂಟಿ ಜನರಲ್‌ಗೆ ಮೊದಮೊದಲು ಬೆಂಬಲ ಸಿಕ್ಕ ಪ್ರದೇಶಗಳಲ್ಲಿ ಫ್ರೆಂಚ್ ಭಾರತವೂ ಒಂದು. ಅದೇ ಪುದುಚೇರಿ 1954ರಲ್ಲಿ ಆಡಳಿತದ ಮಟ್ಟಿಗೆ ಭಾರತಕ್ಕೆ ಬಂದರೂ, ಕಾನೂನಿನ ಪ್ರಕಾರ ಪೂರ್ತಿ ನಮ್ಮದಾದದ್ದು 1962ರ ಆಗಸ್ಟ್ 16ರಂದು. ಆಗ ಫ್ರಾನ್ಸಿನ ಅಧ್ಯಕ್ಷರು ಡಿ ಗಾಲ್.

ಹೂವು ಇಡಬಹುದೇ? ಯಾವ ಹೂವು?

ಇಡಬಹುದು. ನಮ್ಮಲ್ಲಿ ಸೇವಂತಿಗೆ ದೇವರಿಗೂ ಉಂಟು, ಮದುವಣಗಿತ್ತಿಯ ಜಡೆಗೂ ಉಂಟು. ಫ್ರಾನ್ಸಿನಲ್ಲಿ ಸೇವಂತಿಗೆ ಗೋರಿಗಳ ಹೂವು. ನವೆಂಬರ್ 1ರ ಸಕಲ ಸಂತರ ಹಬ್ಬಕ್ಕೆ ಜನ ಕುಂಡಗಟ್ಟಲೆ ತಂದು ಮನೆಯವರ ಗೋರಿಯ ಮೇಲಿಡುತ್ತಾರೆ. ನವೆಂಬರ್ ಮೊದಲ ವಾರ ಹೋದರೆ ಈ ಪುಟ್ಟ ಸ್ಮಶಾನ ಹಳದಿ, ನೇರಳೆ ಸೇವಂತಿಗೆಯಿಂದ ತುಂಬಿರುತ್ತದೆ. ಸಮಾಧಿಗೆ ತೆಗೆದುಕೊಂಡು ಹೋಗಿ. ಯಾರದಾದರೂ ಮನೆಗೆ ಊಟಕ್ಕೆ ಹೋಗುವಾಗ ಮಾತ್ರ ಒಯ್ಯಬೇಡಿ.

ಒಳಗೆ ಹೇಗೆ ನಡೆದುಕೊಳ್ಳಬೇಕು?

ಬಳಕೆಯಲ್ಲಿರುವ ಸ್ಮಶಾನ ಅದು, ಊರವರು ತಮ್ಮವರ ಗೋರಿಗೆ ನೀರು ಹಾಕಲು ಬಂದಿರುತ್ತಾರೆ. ದನಿ ತಗ್ಗಿಸಿ. ಗೋರಿಗಳ ಮೇಲೆ ಕಾಲಿಡದೆ ಜಲ್ಲಿಯ ದಾರಿಯಲ್ಲೇ ನಡೆಯಿರಿ. ಡಿ ಗಾಲ್ ಸಮಾಧಿಯ ಫೋಟೊ ತೆಗೆದುಕೊಳ್ಳಿ, ಪಕ್ಕದ ಗೋರಿಯ ಮುಂದೆ ನಿಂತು ಪ್ರಾರ್ಥಿಸುವವರದ್ದು ಬೇಡ. ಪಕ್ಕದ ಚರ್ಚಿಗೂ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ.

ಹೋಗುವುದು ಹೇಗೆ?

ಪ್ಯಾರಿಸಿನಿಂದ ಸುಮಾರು 250 ಕಿಲೋಮೀಟರ್. ಗಾರ್ ದ ಲೆಸ್ತ್ ನಿಲ್ದಾಣದಿಂದ ತ್ರ್ವಾ, ಶೊಮೊಂ ಕಡೆಗೆ ಹೋಗುವ ರೈಲು ಹತ್ತಿ ಬಾರ್-ಸ್ಯೂರ್-ಓಬ್ ಅಥವಾ ಶೊಮೊಂನಲ್ಲಿ ಇಳಿಯಬೇಕು. ಬಾರ್-ಸ್ಯೂರ್-ಓಬ್ ಹತ್ತಿರ, ಶೊಮೊಂ ದೊಡ್ಡ ಊರು. ಎರಡೂ ಕಡೆಯಿಂದ ಕೊಲೊಂಬೆಗೆ ಟ್ಯಾಕ್ಸಿಯನ್ನು ಮೊದಲೇ ಹೇಳಿಟ್ಟಿರಿ, ನಿಲ್ದಾಣದ ಹೊರಗೆ ಆಟೊ ಸಿಗುವ ಊರುಗಳಲ್ಲ ಇವು. ಕಾರಿದ್ದರೆ ಸುಲಭ, ದಾರಿಯಲ್ಲಿ ಶಾಂಪೇನ್ ದ್ರಾಕ್ಷಿ ತೋಟಗಳೂ ಸಿಗುತ್ತವೆ, ಸಂತ ಬರ್ನಾರ್ಡರ ಕ್ಲೆರ್ವೋ ಮಠವೂ ದೂರವಿಲ್ಲ. ಸ್ಮಶಾನಕ್ಕೆ ಟಿಕೆಟ್ ಇಲ್ಲ. ಲಾ ಬ್ವಾಸ್ಸೆರಿ ಮನೆಯ ನೆಲ ಅಂತಸ್ತಿಗೂ ಗುಡ್ಡದ ಸ್ಮಾರಕಕ್ಕೂ ಟಿಕೆಟ್ ಉಂಟು, ತೆರೆಯುವ ದಿನ ಮತ್ತು ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತವೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ. ಬೆಳಗಿನ ರೈಲಿಗೆ ಹೊರಟರೆ ಮನೆ, ಚರ್ಚು, ಸ್ಮಶಾನ, ಗುಡ್ಡ ನಾಲ್ಕನ್ನೂ ನೋಡಿ ರಾತ್ರಿಗೆ ಪ್ಯಾರಿಸ್ ಸೇರಬಹುದು.